ಕರೆಂಟು ಯಾವ ಕೆಲಸಕ್ಕೆ? ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಎರಡು ಸಂಚಿಕೆ ಹಿಂದೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕ್ಯಾನ್ಸರ್ ಬಗ್ಗೆ ಒಂದು ಪ್ರಶ್ನೆಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಹೆಚ್ಚಿನವರು ಕೇಳಿದ್ದು ಒಂದೇ: ರೇಡಿಯೇಷನ್ ಜೊತೆ ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಔಷಧಿ, ಸೇರಿಸಿದರೆ ಏನಾದರೂ ಪ್ರಯೋಜನ ಇದೆಯಾ? ಹಾಗಾಗಿ ಈ ಸಲ ಬೇರೆ ಪ್ರಶ್ನೆ ಮುಟ್ಟಿಲ್ಲ. ಮಂಡಿ ನೋವಿನವರು, ಥೈರಾಯ್ಡ್‌ನವರು ಒಂದು ತಿಂಗಳು ಕಾಯಬೇಕು.

ಹೊಸ ಓದುಗರಿಗೆ ಒಂದು ಮಾತು. ನಾನು ರೇಡಿಯೇಷನ್ ಕೊಡುವ ಡಾಕ್ಟರು. ಜನ ನಮ್ಮನ್ನು ‘ಕರೆಂಟ್ ಕೊಡೋ ಡಾಕ್ಟ್ರು’ ಅಂತಾರೆ. ಅದು ಕರೆಂಟಲ್ಲ, ಎಕ್ಸ್‌ರೇ ಜಾತಿಯ ಕಿರಣ. 26 ವರ್ಷ ತಿದ್ದಿ ತಿದ್ದಿ ಸಾಕಾಗಿ ಈಗ ನಾನೂ ಕರೆಂಟು ಅಂತಲೇ ಹೇಳುತ್ತೇನೆ. ನನ್ನ ಮೆಷೀನಿನ ಮೇಲೆ ನನಗೆ ಸ್ವಲ್ಪ ಮೋಹ ಇದೆ. ಅದನ್ನು ಲೆಕ್ಕಕ್ಕೆ ಹಿಡಿದೇ ಮುಂದಿನದನ್ನು ಓದಿ.

ಪ್ರಶ್ನೆ: ಮೇಡಂ, ಅಪ್ಪನಿಗೆ 61 ವರ್ಷ. ಪ್ಯಾಂಕ್ರಿಯಾಸ್‌ನಲ್ಲಿ ಕ್ಯಾನ್ಸರ್, ಲಿವರ್‌ಗೂ ಹರಡಿದೆ. ಎರಡು ಬಗೆಯ ಕೀಮೋ ಮುಗಿಯಿತು. ಒಂದು ಗಡ್ಡೆಗೆ ರೇಡಿಯೇಷನ್ ಕೊಟ್ಟು ಜೊತೆಗೆ ಇಮ್ಯುನೊಥೆರಪಿ ಮಾಡಿದರೆ ಬೇರೆ ಕಡೆಯ ಗಡ್ಡೆಗಳೂ ಕರಗುತ್ತವಂತೆ, ಅಣ್ಣ ಎಲ್ಲೋ ಓದಿಕೊಂಡು ಬಂದಿದ್ದಾನೆ. ನಮ್ಮ ಡಾಕ್ಟರನ್ನು ಕೇಳಿದರೆ ಸುಮ್ನೆ ತಲೆ ಅಲ್ಲಾಡಿಸಿದರು. ಯಾರ ಮಾತು ನಂಬಲಿ? — ಒಬ್ಬ ಮಗಳು

ಉತ್ತರ: ಇಬ್ಬರದೂ ನಂಬಿ. ಅಣ್ಣ ಓದಿದ್ದು ಸುಳ್ಳಲ್ಲ. ಡಾಕ್ಟರು ತಲೆ ಅಲ್ಲಾಡಿಸಿದ್ದಕ್ಕೂ ಕಾರಣ ಇದೆ. ಆ ಕಾರಣವನ್ನು ಬಾಯಿಬಿಟ್ಟು ಹೇಳಬೇಕಿತ್ತು, ಅಷ್ಟೇ.

ಒಂದು ಕಡೆ ರೇಡಿಯೇಷನ್ ಕೊಟ್ಟರೆ ಕಿರಣ ಸೋಕದ ಇನ್ನೊಂದು ಕಡೆಯೂ ಪರಿಣಾಮ ಕಾಣುವುದಕ್ಕೆ ‘ಅಬ್‌ಸ್ಕೋಪಲ್’ ಅಂತ ಹೆಸರು. 1953ರಲ್ಲಿ ಮೋಲ್ ಎಂಬ ವಿಜ್ಞಾನಿ ಇಟ್ಟ ಹೆಸರು ಇದು. ಲ್ಯಾಟಿನ್‌ನಲ್ಲಿ ‘ಗುರಿಯಿಂದ ದೂರ’ ಅಂತ ಅರ್ಥ. ಆದರೆ ಬರೀ ರೇಡಿಯೇಷನ್‌ನಿಂದ ಹೀಗಾಗುವುದು ತೀರಾ ಅಪರೂಪ. ಇಷ್ಟು ವರ್ಷದಲ್ಲಿ ನಾನು ನನ್ನ ಕಣ್ಣಾರೆ, ಖಾತ್ರಿಯಾಗಿ ‘ಇದು ಅದೇ’ ಅನ್ನುವಂಥದ್ದು ಒಂದನ್ನೂ ಕಂಡಿಲ್ಲ. 2012ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಡಾಕ್ಟರುಗಳು ಒಬ್ಬ ರೋಗಿಯ ವಿವರ ಪ್ರಕಟಿಸಿದರು. ಚರ್ಮದ ಮೆಲನೋಮ ಕ್ಯಾನ್ಸರ್. ಇಪಿಲಿಮುಮ್ಯಾಬ್ ಎಂಬ ಇಮ್ಯುನೊಥೆರಪಿ ನಡೆಯುತ್ತಿತ್ತು. ಬೆನ್ನುಮೂಳೆ ಹತ್ತಿರದ ಒಂದು ಗಡ್ಡೆಗೆ ಮಾತ್ರ ರೇಡಿಯೇಷನ್ ಕೊಟ್ಟರು. ಬೇರೆ ಕಡೆಯ ಗಡ್ಡೆಗಳೂ ಕುಗ್ಗಿದವು. ಆಮೇಲೆ ನಮ್ಮ ರೇಡಿಯೇಷನ್ ವಿಭಾಗಗಳಲ್ಲಿ ಒಂದು ಹಬ್ಬದ ವಾತಾವರಣವೇ ಇತ್ತು ಅನ್ನಿ. ಸುಡುವವರು ಅನ್ನಿಸಿಕೊಂಡಿದ್ದ ನಾವು ರೋಗನಿರೋಧಕ ಶಕ್ತಿಯನ್ನೂ ಎಬ್ಬಿಸಬಹುದು ಅಂತ!

ಹೇಗೆ ಎಬ್ಬಿಸುತ್ತದೆ? ಕಿರಣ ತಾಗಿದಾಗ ಕ್ಯಾನ್ಸರ್ ಕಣದ ಡಿಎನ್‌ಎ ತುಂಡಾಗುತ್ತದೆ. ಅದರ ಚೂರುಗಳು ಇರಬಾರದ ಜಾಗದಲ್ಲಿ, ಅಂದರೆ ಕಣಬೀಜದ ಹೊರಗೆ, ಚೆಲ್ಲುತ್ತವೆ. ಕಣ ಅದನ್ನು ನೋಡಿ ವೈರಸ್ ನುಗ್ಗಿತು ಅಂತ ಮೋಸಹೋಗಿ ಇಂಟರ್‌ಫೆರಾನ್ ಬಿಡುಗಡೆ ಮಾಡುತ್ತದೆ. ಅದೇ ಕೂಗು. ಆ ಕೂಗಿಗೆ ಬಂದ ಕಣಗಳು ಸತ್ತ ಕ್ಯಾನ್ಸರ್ ಕಣದ ತುಣುಕುಗಳನ್ನು ಹೊತ್ತುಕೊಂಡು ಹೋಗಿ ಟಿ-ಕಣಗಳಿಗೆ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ತೋರಿಸುತ್ತವೆ: ಇಂಥವನನ್ನು ಹುಡುಕಿ ಅಂತ. ಇಮ್ಯುನೊಥೆರಪಿಯ ಕೆಲಸ ಬೇರೆ. ಟಿ-ಕಣಗಳಿಗೆ ಹುಟ್ಟಿನಿಂದಲೇ ಬ್ರೇಕ್ ಇದೆ, ಕ್ಯಾನ್ಸರ್ ಆ ಬ್ರೇಕನ್ನು ಒತ್ತಿ ಹಿಡಿದಿರುತ್ತದೆ. ಔಷಧಿ ಆ ಕಾಲನ್ನು ಬ್ರೇಕಿನಿಂದ ಎತ್ತುತ್ತದೆ. ಇದನ್ನು ಕಂಡುಹಿಡಿದದ್ದಕ್ಕೇ ಜೇಮ್ಸ್ ಆಲಿಸನ್, ತಸುಕು ಹೊಂಜೊ ಇಬ್ಬರಿಗೂ 2018ರಲ್ಲಿ ನೊಬೆಲ್ ಬಂತು. ಒಂದು ಕಡೆಯಿಂದ ಕೂಗು, ಇನ್ನೊಂದು ಕಡೆಯಿಂದ ಬ್ರೇಕ್ ಬಿಡುಗಡೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆ ಜೋಡಿ ಸಿಗುವುದಿಲ್ಲ.

ಆದರೆ ಪ್ಯಾಂಕ್ರಿಯಾಸ್ ಕಾಗದ ಅಲ್ಲ. ಈ ಗಡ್ಡೆ ನೋಡಿದವರಿಗೆ ಗೊತ್ತು, ಅದು ಕಲ್ಲಿನ ಹಾಗೆ ಗಟ್ಟಿ. ಎಷ್ಟೋ ಸಲ ಅದರೊಳಗೆ ಕ್ಯಾನ್ಸರ್ ಕಣಗಳಿಗಿಂತ ಗಾಯದ ಕಲೆಯಂಥ ನಾರಿನ ಅಂಶವೇ ಜಾಸ್ತಿ. ರಕ್ತನಾಳಗಳು ಅದರಲ್ಲಿ ಹಿಂಡಿಹೋಗಿರುತ್ತವೆ. ಟಿ-ಕಣಗಳು ಒಳಗೆ ಬರುವುದೇ ಕಡಿಮೆ. ಬಂದವೂ ಅಂಚಿನಲ್ಲೇ ನಿಂತಿರುತ್ತವೆ. ಅಲ್ಲಿ ಕಾವಲಿಗೆ ಕೂತಿರುವ ಬೇರೆ ಕಣಗಳು ಅವನ್ನು ಮಲಗಿಸುತ್ತವೆ. ಬ್ರೇಕ್ ಎತ್ತಿದರೂ ಓಡಲು ಗಾಡಿಯೇ ಇಲ್ಲ ಅಲ್ವಾ? ಅದಕ್ಕೇ ಬರೀ ಇಮ್ಯುನೊಥೆರಪಿ ಇಲ್ಲಿ ಸೋತಿದೆ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 65 ಜನ ಇದ್ದರು. ಎರಡು ಇಮ್ಯುನೊಥೆರಪಿ ಔಷಧಿ ಒಟ್ಟಿಗೆ ಪಡೆದ ಗುಂಪಿನಲ್ಲಿ ಗಡ್ಡೆ ಕುಗ್ಗಿದ್ದು ನೂರಕ್ಕೆ ಮೂರರ ಲೆಕ್ಕದಲ್ಲಿ. ಒಂದೇ ಔಷಧಿ ಪಡೆದವರಲ್ಲಿ ಸೊನ್ನೆ.

ಹಾಗಾದರೆ ರೇಡಿಯೇಷನ್ ಸೇರಿಸಿದಾಗ? ಅಣ್ಣನಿಗೆ ಎರಡು ಪ್ರಯೋಗ ತೋರಿಸಿ. 2021ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು ಪ್ರಕಟಿಸಿದ್ದು ಒಂದು. ಹರಡಿದ ಪ್ಯಾಂಕ್ರಿಯಾಸ್ ಕ್ಯಾನ್ಸರ್‌ನ 25 ಜನರಿಗೆ ಇಪಿಲಿಮುಮ್ಯಾಬ್, ನಿವೊಲುಮ್ಯಾಬ್ ಎಂಬ ಎರಡು ಇಮ್ಯುನೊಥೆರಪಿ ಔಷಧಿ ಕೊಟ್ಟು, ಒಂದು ಗಡ್ಡೆಗೆ 8 ಗ್ರೇಯಂತೆ ಮೂರು ಸಲ ರೇಡಿಯೇಷನ್ ಅಂತ ಯೋಜನೆ. ಗ್ರೇ ಅಂದರೆ ನಮ್ಮ ಅಳತೆಯ ಮಾತು, ಔಷಧಿಗೆ ಮಿಲಿಗ್ರಾಂ ಇದ್ದ ಹಾಗೆ. ಯೋಜನೆಯ ಪ್ರಕಾರ ರೇಡಿಯೇಷನ್‌ವರೆಗೆ ಬಂದವರು 17 ಜನ. ಆ 17ರಲ್ಲಿ ಮೂವರಿಗೆ ಕಿರಣ ತಾಗದ ಗಡ್ಡೆಗಳು ಕುಗ್ಗಿದವು. ಎರಡನೆಯದು ಡೆನ್ಮಾರ್ಕಿನದು, 2022ರಲ್ಲಿ ಬಂತು. 84 ಜನ, ಎಲ್ಲರೂ ನಿಮ್ಮ ಅಪ್ಪನ ಹಾಗೆ ಕೀಮೋ ಆದವರು. ಒಂದು ಗಡ್ಡೆಗೆ ಒಂದೇ ಸಲ 15 ಗ್ರೇ. ಜೊತೆಗೆ ನಿವೊಲುಮ್ಯಾಬ್ ಒಂದನ್ನೇ ಪಡೆದವರಲ್ಲಿ ಒಬ್ಬರಿಗೆ ಮಾತ್ರ ಗಡ್ಡೆ ಕುಗ್ಗಿತು. ಎರಡೂ ಔಷಧಿ ಪಡೆದ 43 ಜನರಲ್ಲಿ ಆರು ಜನರಿಗೆ. ಕುಗ್ಗಿದ್ದು ಉಳಿದ ಕಾಲ ಸುಮಾರು ಐದೂವರೆ ತಿಂಗಳು.

ಆರು ಜನ! ಸೊನ್ನೆಯಿಂದ ಬಂದವರಿಗೆ ಅದು ದೊಡ್ಡದೇ. ಆ ಆರು ಮನೆಗಳಿಗಂತೂ ತುಂಬಾ ದೊಡ್ಡದು. ಆದರೆ ಮಿಕ್ಕ 37 ಜನರಿಗೆ ಗಡ್ಡೆ ಕುಗ್ಗಲಿಲ್ಲ. ಇನ್ನೊಂದು ವಿಷಯ. ಆ ಪ್ರಯೋಗದ ಎರಡೂ ಗುಂಪಿಗೂ ರೇಡಿಯೇಷನ್ ಕೊಟ್ಟಿದ್ದರು. ಹಾಗಾಗಿ ಆ ಆರು ಜನರಿಗೆ ಒಳ್ಳೆಯದಾದದ್ದು ಕರೆಂಟಿನಿಂದಲೋ, ಎರಡು ಔಷಧಿಯಿಂದಲೋ ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಪ್ರಯೋಗ ಮಾಡಿದವರೇ ಇದನ್ನು ಒಪ್ಪಿಕೊಂಡು ಬರೆದಿದ್ದಾರೆ. ನನ್ನ ಮೆಷೀನಿಗೆ ಹೆಸರು ಕೊಡಲು ನನಗೆ ಆಸೆ ಇದೆ, ಪುರಾವೆ ಇಲ್ಲ.

ನಿಮ್ಮ ಡಾಕ್ಟರು ತಲೆ ಅಲ್ಲಾಡಿಸಿದ್ದು ಇದಕ್ಕೇ ಇರಬೇಕು. ಈ ಜೋಡಿ ಇನ್ನೂ ಪ್ರಯೋಗದ ಅಂಗಳದಲ್ಲಿದೆ, ದಿನನಿತ್ಯದ ಚಿಕಿತ್ಸೆಯ ಪಟ್ಟಿಗೆ ಬಂದಿಲ್ಲ. ಪ್ರಯೋಗದ ಹೊರಗೆ, ದುಡ್ಡು ಸುರಿದು, ಯಾರೋ ಭರವಸೆ ಕೊಟ್ಟರು ಅಂತ ಮಾಡಿಸಬೇಡಿ. ಪ್ರಯೋಗದ ಒಳಗೆ ಅವಕಾಶ ಸಿಕ್ಕಿ, ಅಪ್ಪ ಓಡಾಡಿಕೊಂಡು ಇದ್ದು, ಅವರಿಗೂ ಮನಸ್ಸಿದ್ದರೆ ಅದು ಬೇರೆ ಮಾತು.

ಪ್ರಶ್ನೆ: ಡಾಕ್ಟರೇ, ರೇಡಿಯೇಷನ್ ಇಮ್ಯುನಿಟಿ ಎಬ್ಬಿಸುತ್ತದೆ ಅಂತೀರಿ. ಹಾಗಿದ್ದರೆ ಜಾಸ್ತಿ ಡೋಸ್ ಕೊಟ್ಟರೆ ಜಾಸ್ತಿ ಎಬ್ಬಿಸುತ್ತಾ? — ಒಬ್ಬ ಮೇಷ್ಟ್ರು

ಉತ್ತರ: ಮೇಷ್ಟ್ರ ಪ್ರಶ್ನೆ ಮೇಷ್ಟ್ರದ್ದೇ! ಇಲ್ಲ, ಲೆಕ್ಕ ಹಾಗೆ ನೇರವಾಗಿ ಇಲ್ಲ. ಒಂದೇ ಏಟಿಗೆ ತುಂಬಾ ದೊಡ್ಡ ಡೋಸ್ ಕೊಟ್ಟಾಗ ಟ್ರೆಕ್ಸ್-1 ಎಂಬ ಕಿಣ್ವ ಹೆಚ್ಚಿ, ಆಗಲೇ ಹೇಳಿದ ಡಿಎನ್‌ಎ ಚೂರುಗಳನ್ನೇ ಮೆದ್ದು ಹಾಕುತ್ತದೆ ಅಂತ 2017ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನ ತೋರಿಸಿತು. ಚೂರಿಲ್ಲದಿದ್ದರೆ ಕೂಗಿಲ್ಲ. ‘8 ಗ್ರೇ ಮೂರು ಸಲ’ ಎಂಬ ಲೆಕ್ಕ ಅನೇಕ ಪ್ರಯೋಗಗಳಲ್ಲಿ ಕಾಣುವುದಕ್ಕೆ ಇಂಥ ಕೆಲಸ ಒಂದು ಕಾರಣ. ಮನುಷ್ಯರಲ್ಲಿ ಯಾವ ಡೋಸ್ ಸರಿ ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಕರೆಂಟಿಗೆ ಇನ್ನೊಂದು ಮುಖವೂ ಇದೆ. ಟಿ-ಕಣಗಳು ಕಿರಣಕ್ಕೆ ಬಹಳ ಬೇಗ ಸಾಯುತ್ತವೆ. ಹೊಟ್ಟೆಯ ಆ ಭಾಗದಲ್ಲಿ ದೊಡ್ಡ ರಕ್ತನಾಳಗಳಿವೆ, ಪಕ್ಕದಲ್ಲೇ ಗುಲ್ಮ ಇದೆ. ವಾರಗಟ್ಟಲೆ ಕಿರಣ ಹಾಯಿಸಿದರೆ ಹರಿಯುವ ರಕ್ತದಲ್ಲಿನ ಲಿಂಫೊಸೈಟ್, ಅಂದರೆ ಟಿ-ಕಣಗಳೂ ಸೇರಿದ ಬಿಳಿ ರಕ್ತಕಣಗಳ, ಎಣಿಕೆ ಕುಸಿಯುತ್ತದೆ. ಯಾರನ್ನು ಯುದ್ಧಕ್ಕೆ ಕರೆಯುತ್ತಿದ್ದೇವೋ ಅವರನ್ನೇ ಕೊಂದ ಹಾಗೆ. ಸಣ್ಣ ಜಾಗಕ್ಕೆ, ಕೆಲವೇ ದಿನದಲ್ಲಿ ಮುಗಿಸುವ ರೇಡಿಯೇಷನ್‌ಗೆ ಈ ಜೋಡಿಯಲ್ಲಿ ಒಲವು ಜಾಸ್ತಿ ಇರುವುದು ಅದಕ್ಕೇ.

ಪ್ರಶ್ನೆ: ನಮ್ಮ ಯಜಮಾನರಿಗೆ ಗಡ್ಡೆ ಬೇರೆ ಕಡೆ ಹರಡಿಲ್ಲ. ಆದರೆ ರಕ್ತನಾಳ ಸುತ್ತಿಕೊಂಡಿದೆ, ಆಪರೇಷನ್ ಆಗಲ್ಲ ಅಂದರು. ಒಬ್ಬ ಡಾಕ್ಟರು 28 ದಿನ ರೇಡಿಯೇಷನ್ ಅಂತಾರೆ, ಇನ್ನೊಬ್ಬರು 5 ದಿನ. ಐದೇ ದಿನ ಅಂದರೆ ಅರೆಬರೆ ಚಿಕಿತ್ಸೆಯಾ? ಇಮ್ಯುನೊಥೆರಪಿ ಸೇರಿಸಿ ಅಂತ ಕೇಳಬೇಕಾ? — ಹೆಸರು ಬೇಡ

ಉತ್ತರ: ಅರೆಬರೆ ಅಲ್ಲ ಅಮ್ಮಾ. ಹಳೆಯ ಕ್ರಮದಲ್ಲಿ ದಿನಕ್ಕೆ 1.8 ಗ್ರೇಯಂತೆ 28 ದಿನ, ಒಟ್ಟು 50.4 ಗ್ರೇ. ಹೊಸ ಕ್ರಮದಲ್ಲಿ ಐದು ಸಲ, ಪ್ರತಿ ಸಲವೂ ದೊಡ್ಡ ಡೋಸ್. ಇದಕ್ಕೆ ಎಸ್‌ಬಿಆರ್‌ಟಿ ಅಂತಾರೆ. ಇದರಲ್ಲಿ ಕಷ್ಟ ಎಲ್ಲ ಗುರಿಯದ್ದು. ಉಸಿರಾಡಿದ ಹಾಗೆಲ್ಲ ಪ್ಯಾಂಕ್ರಿಯಾಸ್ ಮೇಲೆ ಕೆಳಗೆ ಆಡುತ್ತದೆ. ಪಕ್ಕದಲ್ಲೇ ಡ್ಯುವೋಡಿನಮ್, ಅಂದರೆ ಸಣ್ಣ ಕರುಳಿನ ಮೊದಲ ಭಾಗ, ಅಂಟಿಕೊಂಡಂತೆ ಮಲಗಿದೆ. ಅದಕ್ಕೆ ದೊಡ್ಡ ಡೋಸ್ ತಾಗಿದರೆ ಹುಣ್ಣು, ರಕ್ತಸ್ರಾವ. ಗಡ್ಡೆಯಲ್ಲಿ ಅಕ್ಕಿಕಾಳಿಗಿಂತ ಸಣ್ಣ ಚಿನ್ನದ ಗುರುತು ಕೂರಿಸಿ, ಉಸಿರನ್ನು ಹಿಡಿತಕ್ಕೆ ತಂದು, ಖಾಲಿ ಹೊಟ್ಟೆಯಲ್ಲಿ ಕರೆಸಿ ಮಾಡುವುದು ಇದಕ್ಕೇ. ಗಡ್ಡೆ ಕರುಳಿನ ಒಳಗೇ ನುಗ್ಗಿದ್ದರೆ ನಾನಾದರೂ ಐದು ದಿನದ ದಾರಿ ಹಿಡಿಯುವುದಿಲ್ಲ. ಯಜಮಾನರ ಸ್ಕ್ಯಾನಿನಲ್ಲಿ ಆ ಅಂತರ ಎಷ್ಟಿದೆ ಅಂತ ಇಬ್ಬರು ಡಾಕ್ಟರನ್ನೂ ಕೇಳಿ. ಇಬ್ಬರ ಉತ್ತರ ಬೇರೆಯಾಗಿದ್ದು ಅದಕ್ಕೇ ಇದ್ದರೂ ಇರಬಹುದು.

ಮೊದಲು ಕೀಮೋ, ಆಮೇಲೆ ಬೇಕಿದ್ದರೆ ರೇಡಿಯೇಷನ್. ಈ ಕ್ರಮ ಬದಲಾಯಿಸಬೇಡಿ. 2016ರಲ್ಲಿ ಬಂದ ಎಲ್‌ಎಪಿ-07 ಎಂಬ ದೊಡ್ಡ ಪ್ರಯೋಗದಲ್ಲಿ ಕೀಮೋ ಮುಂದುವರಿಸಿದವರು ಸರಾಸರಿ 16.5 ತಿಂಗಳು, ರೇಡಿಯೇಷನ್ ಸೇರಿಸಿದವರು 15.2 ತಿಂಗಳು ಬದುಕಿದರು. ಅಂದರೆ ಆಯಸ್ಸು ಹೆಚ್ಚಲಿಲ್ಲ. ಆದರೆ ಗಡ್ಡೆ ಇದ್ದ ಜಾಗದಲ್ಲೇ ಮತ್ತೆ ಬೆಳೆಯುವುದು 46 ಪರ್ಸೆಂಟಿನಿಂದ 32ಕ್ಕೆ ಇಳಿಯಿತು. ನೋವು, ಕರುಳಿನ ತಡೆ ಇವೆಲ್ಲ ಆ ಜಾಗದ್ದೇ ಸಮಸ್ಯೆ ಆದ್ದರಿಂದ ಅದಕ್ಕೂ ಬೆಲೆ ಇದೆ.

ಇಮ್ಯುನೊಥೆರಪಿ ವಿಷಯಕ್ಕೆ ಬಂದರೆ, ಶಾಂಘೈನಲ್ಲಿ ಒಂದು ಪ್ರಯೋಗ ಆಗಿದೆ. ಆಪರೇಷನ್ ಆದಮೇಲೆ ಅದೇ ಜಾಗದಲ್ಲಿ ಮರುಕಳಿಸಿದ 170 ಜನ. ರೇಡಿಯೇಷನ್ ಜೊತೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಮತ್ತು ಟ್ರಾಮೆಟಿನಿಬ್ ಎಂಬ ಬೇರೆ ಜಾತಿಯ ಮಾತ್ರೆ ಪಡೆದವರು 14.9 ತಿಂಗಳು, ರೇಡಿಯೇಷನ್ ಜೊತೆ ಜೆಮ್‌ಸಿಟಾಬಿನ್ ಎಂಬ ಕೀಮೋ ಪಡೆದವರು 12.8 ತಿಂಗಳು ಬದುಕಿದರು. ಎರಡು ತಿಂಗಳ ವ್ಯತ್ಯಾಸ, ಅದೂ ಎರಡು ಹೊಸ ಔಷಧಿ ಒಟ್ಟಿಗೆ ಕೊಟ್ಟು. ಯಜಮಾನರ ಸ್ಥಿತಿ ಬೇರೆ. ಪ್ರಯೋಗದ ಹೊರಗೆ ಕೇಳಬೇಡಿ ಅಂತಲೇ ಹೇಳುತ್ತೇನೆ.

ಪ್ರಶ್ನೆ: ಇಮ್ಯುನೊಥೆರಪಿ ಯಾರಿಗೆ ಹಿಡಿಯುತ್ತದೆ ಅಂತ ಮೊದಲೇ ತಿಳಿಯುವ ಟೆಸ್ಟ್ ಇಲ್ವಾ? — ಇಬ್ಬರು ಓದುಗರು

ಉತ್ತರ: ಇದೆ. ಇದನ್ನು ಕೇಳದೆ ಬಿಡಬೇಡಿ. ಬಯಾಪ್ಸಿ ತುಣುಕಿನಲ್ಲಿ ಎಂಎಸ್‌ಐ ಅಥವಾ ಎಂಎಂಆರ್ ಅಂತ ಒಂದು ಪರೀಕ್ಷೆ. ಡಿಎನ್‌ಎ ನಕಲು ಮಾಡುವಾಗ ಆಗುವ ತಪ್ಪನ್ನು ತಿದ್ದುವ ವ್ಯವಸ್ಥೆ ಕೆಟ್ಟಿದೆಯಾ ಅಂತ ಅದು ಹೇಳುತ್ತದೆ. ಕೆಟ್ಟಿದ್ದರೆ ಗಡ್ಡೆ ತಪ್ಪುಗಳಿಂದ ತುಂಬಿ, ಟಿ-ಕಣಗಳ ಕಣ್ಣಿಗೆ ಬೀಳುತ್ತದೆ. ಅಂಥವರಿಗೆ ಪೆಂಬ್ರೊಲಿಜುಮ್ಯಾಬ್ ಕೊಡಬಹುದು. ಗಡ್ಡೆ ಯಾವ ಅಂಗದ್ದೇ ಇರಲಿ ಈ ಕಾರಣಕ್ಕೆ ಕೊಡಬಹುದು ಅಂತ ಅಮೆರಿಕದಲ್ಲಿ 2017ರಲ್ಲೇ ಒಪ್ಪಿಗೆ ಸಿಕ್ಕಿತು. ಪ್ಯಾಂಕ್ರಿಯಾಸ್ ಕ್ಯಾನ್ಸರ್‌ನಲ್ಲಿ ಹೀಗಿರುವವರು ನೂರಕ್ಕೆ ಒಬ್ಬರ ಆಸುಪಾಸು. ಅಪರೂಪ, ನಿಜ. ಆ ಒಬ್ಬರು ನಿಮ್ಮ ಮನೆಯವರೇ ಆಗಿದ್ದರೆ ಈ ಅಂಕಣದ ಮುಕ್ಕಾಲು ಪಾಲು ನಿಮಗೆ ಬೇಡವೇ ಬೇಡ.

ಜೊತೆಗೆ ರಕ್ತದಲ್ಲಿ ಬಿಆರ್‌ಸಿಎ ಜೀನ್ ಪರೀಕ್ಷೆಯೂ ಆಗಲಿ. ಅದು ಕೆಟ್ಟಿರುವವರಿಗೆ ಪ್ಲಾಟಿನಂ ಜಾತಿಯ ಕೀಮೋ ಚೆನ್ನಾಗಿ ಹಿಡಿಯುತ್ತದೆ. ಹರಡಿದ ಕಾಯಿಲೆ ಆ ಕೀಮೋದಿಂದ ಹತೋಟಿಯಲ್ಲಿದ್ದರೆ ಆಮೇಲೆ ಒಲಾಪರಿಬ್ ಎಂಬ ಮಾತ್ರೆ ಇದೆ. ಇದು ಇಮ್ಯುನೊಥೆರಪಿ ಅಲ್ಲ. ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗೂ ಆ ಜೀನ್ ಬಂದಿರಬಹುದಾದ್ದರಿಂದ ಹೇಳಿದೆ.

ಪ್ರಶ್ನೆ: ಇಮ್ಯುನೊಥೆರಪಿ ಅಂದರೆ ದೇಹಕ್ಕೆ ಶಕ್ತಿ ಕೊಡೋ ಟಾನಿಕ್ ಥರ ಅಲ್ವಾ? ಸೈಡ್ ಎಫೆಕ್ಟ್ ಇರಲ್ಲ ತಾನೆ?

ಉತ್ತರ: ಟಾನಿಕ್ ಅಲ್ಲ. ಬ್ರೇಕ್ ತೆಗೆದ ಗಾಡಿ ಎಲ್ಲಿಗೆ ಬೇಕಾದರೂ ಹೋಗಬಹುದು. ಕರುಳಿಗೆ ಹೋದರೆ ಭೇದಿ, ಲಿವರ್‌ಗೆ ಹೋದರೆ ಹೆಪಟೈಟಿಸ್, ಶ್ವಾಸಕೋಶಕ್ಕೆ ಹೋದರೆ ಕೆಮ್ಮು ಉಬ್ಬಸ. ಥೈರಾಯ್ಡ್ ಕೆಡುವುದು ಸಾಮಾನ್ಯ. ಔಷಧಿ ನಿಲ್ಲಿಸಿ ತಿಂಗಳುಗಳ ಮೇಲೂ ಬರಬಹುದು. ದಿನಕ್ಕೆ ನಾಲ್ಕೈದು ಸಲ ಹೆಚ್ಚಾಗಿ ಭೇದಿ ಆದರೆ ‘ಏನೋ ತಿಂದಿದ್ದು’ ಅಂತ ಮನೆಯಲ್ಲೇ ಮಾತ್ರೆ ನುಂಗಿ ಕೂರಬೇಡಿ, ಅವತ್ತೇ ಫೋನ್ ಮಾಡಿ. ಸಮಯಕ್ಕೆ ಸ್ಟಿರಾಯ್ಡ್ ಕೊಟ್ಟರೆ ಹೆಚ್ಚಿನವು ಹತೋಟಿಗೆ ಬರುತ್ತವೆ.

ಪ್ರಶ್ನೆ: ಲಸಿಕೆ ಬಂದಿದೆಯಂತೆ?

ಉತ್ತರ: 2023ರಲ್ಲಿ 16 ಜನರ ಮೇಲಿನ ಒಂದು ಪುಟ್ಟ ಅಧ್ಯಯನ ಬಂತು. ಅವರವರ ಗಡ್ಡೆ ನೋಡಿ ಒಬ್ಬೊಬ್ಬರಿಗೂ ಬೇರೆ ಬೇರೆ ತಯಾರಿಸಿದ ಎಂಆರ್‌ಎನ್‌ಎ ಲಸಿಕೆ. ಎಂಟು ಜನರಲ್ಲಿ ಟಿ-ಕಣಗಳು ಎದ್ದವು. ನನಗೂ ಅದರ ಮೇಲೆ ಕುತೂಹಲ ಇದೆ. ಆದರೆ ಅವರೆಲ್ಲ ಆಪರೇಷನ್ ಆಗಿ ಗಡ್ಡೆ ತೆಗೆಸಿಕೊಂಡವರು. ಹರಡಿದವರಿಗೆ ಅದನ್ನು ಈಗಲೇ ಅನ್ವಯಿಸಿ ಆಸೆ ಕಟ್ಟಿಕೊಳ್ಳುವ ಹಾಗಿಲ್ಲ.

ಪ್ರಶ್ನೆ: ಮೇಡಂ, ಕಾಯಿಲೆ ನನಗೇ. ವಯಸ್ಸು 58. ರೇಡಿಯೇಷನ್ ಮತ್ತು ಇಮ್ಯುನೊಥೆರಪಿಯ ಒಂದು ಟ್ರಯಲ್‌ಗೆ ಸೇರುತ್ತೀರಾ ಅಂತ ಕೇಳಿದ್ದಾರೆ. ಮನೆಯವರು ಪ್ರಯೋಗದ ಇಲಿ ಆಗಬೇಡಿ ಅಂತಾರೆ. ಬೆನ್ನು ನೋವು ತಡೆಯಲಾಗುತ್ತಿಲ್ಲ. ಊಟದ ಜೊತೆ ತಗೊಳ್ಳಿ ಅಂತ ಕೊಟ್ಟ ಕ್ಯಾಪ್ಸೂಲ್ ಕೆಲಸವೇ ಮಾಡುತ್ತಿಲ್ಲ. ಏನು ಮಾಡಲಿ? — ಒಬ್ಬ ಓದುಗ

ಉತ್ತರ: ನಿಮ್ಮ ಪತ್ರವನ್ನು ಕೊನೆಗೆ ಇಟ್ಟುಕೊಂಡೆ. ಬೇಕಂತಲೇ.

ನನ್ನ ಸೋದರಮಾವನಿಗೆ ಇದೇ ಕಾಯಿಲೆ ಇತ್ತು. ಮಲಗಿದರೆ ಬೆನ್ನು ನೋವು. ಮಂಡಿ ಮಡಚಿ ಎದೆಗೆ ಒತ್ತಿಕೊಂಡು, ಮುಂದಕ್ಕೆ ಬಾಗಿ, ಕೂತೇ ನಿದ್ದೆ ಮಾಡುತ್ತಿದ್ದರು. ಪ್ಯಾಂಕ್ರಿಯಾಸ್ ಹಿಂದೆ ಸೀಲಿಯಾಕ್ ಎಂಬ ನರಗಳ ಜಾಲ ಇದೆ. ಗಡ್ಡೆ ಅದನ್ನು ಹಿಡಿದಾಗ ಹೀಗಾಗುತ್ತದೆ. ಅವರಿಗೆ ರೇಡಿಯೇಷನ್ ಕೊಟ್ಟರು. ಮೂರನೇ ವಾರದ ಹೊತ್ತಿಗೆ ಮಾವ ಚಪ್ಪಟೆಯಾಗಿ ಮಲಗಿ ನಿದ್ದೆ ಮಾಡಿದರು. ಮನೆಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದೆವು. ಆದರೆ ಮುಂದಿನ ಸ್ಕ್ಯಾನಿನಲ್ಲಿ ಲಿವರ್‌ನ ಗಡ್ಡೆ ಬೆಳೆದದ್ದು ಕಂಡಾಗ ಮಾವ ನನ್ನನ್ನು ಕೇಳಿದರು, ‘ಹಾಗಾದ್ರೆ ನಿನ್ನ ಕರೆಂಟು ಸುಳ್ಳಾ ಪುಟ್ಟೀ?’ ಅದು ನೋವಿಗೆ ಮಾತ್ರ ಕೊಟ್ಟದ್ದು ಅಂತ ಚಿಕಿತ್ಸೆ ಕೊಟ್ಟವರು ಹೇಳಿರಲಿಲ್ಲ. ಪಕ್ಕದಲ್ಲೇ ಇದ್ದ ನಾನೂ ಹೇಳಿರಲಿಲ್ಲ. ಗೊತ್ತಿರುತ್ತೆ ಅಂದುಕೊಂಡಿದ್ದೆ.

ಅದಕ್ಕೇ ಟ್ರಯಲ್‌ನವರನ್ನು ಮೊದಲು ಇದನ್ನು ಕೇಳಿ: ನನಗೆ ಕೊಡುವ ರೇಡಿಯೇಷನ್ ಯಾವ ಕೆಲಸಕ್ಕೆ? ನೋವಿಗಾ, ಆ ಜಾಗದ ಗಡ್ಡೆ ತಡೆಯಲಿಕ್ಕಾ, ಟಿ-ಕಣ ಎಬ್ಬಿಸಲಿಕ್ಕಾ? ಮೂರನೆಯದು ಅಂದರೆ ಅವರು ಕಿರಣ ಹಾಯಿಸುವುದು ಲಿವರ್‌ನ ಒಂದು ಗಡ್ಡೆಗೆ ಇರಬಹುದು. ಆಗ ನಿಮ್ಮ ಬೆನ್ನು ನೋವು ಹಾಗೇ ಇರುತ್ತದೆ, ಅದಕ್ಕೆ ಬೇರೆ ಏರ್ಪಾಡು ಬೇಕು. ಇದು ಎಷ್ಟನೇ ಹಂತದ ಪ್ರಯೋಗ ಅಂತ ಕೇಳಿ. ಮೊದಲ ಹಂತದಲ್ಲಿ ಮುಖ್ಯವಾಗಿ ಡೋಸ್, ಅಪಾಯ ಅಳೆಯುತ್ತಾರೆ. ಎಷ್ಟು ಸಲ ಬಯಾಪ್ಸಿ, ಎಷ್ಟು ಸಲ ಓಡಾಟ, ಮಧ್ಯದಲ್ಲಿ ಬಿಟ್ಟರೆ ಮಾಮೂಲಿ ಚಿಕಿತ್ಸೆ ಸಿಗುತ್ತಾ ಅಂತಲೂ ಕೇಳಿ. ಯಾವಾಗ ಬೇಕಾದರೂ ಬಿಡುವ ಹಕ್ಕು ನಿಮಗಿದೆ. ಇಲಿಗೆ ಆ ಹಕ್ಕು ಇಲ್ಲ, ಅದನ್ನು ಮನೆಯವರಿಗೆ ಹೇಳಿ. ಇಷ್ಟೆಲ್ಲ ಕೇಳಿದ ಮೇಲೂ ಬೇಡ ಅನ್ನಿಸಿದರೆ ಬೇಡ. ಅದು ಸೋಲಲ್ಲ.

ನೋವಿಗೆ ಟ್ರಯಲ್ ತನಕ ಕಾಯಬೇಡಿ. ಮಾರ್ಫಿನ್ ಜಾತಿಯ ಔಷಧಿಗೆ ಹೆದರಬೇಡಿ, ಡೋಸ್ ಸರಿಮಾಡಿಸಿಕೊಳ್ಳಿ, ಜೊತೆಗೆ ಮಲಬದ್ಧತೆಗೆ ಔಷಧಿ ಮೊದಲ ದಿನದಿಂದಲೇ ಇರಲಿ. ಆ ನರಜಾಲಕ್ಕೇ ಆಲ್ಕೋಹಾಲ್ ಚುಚ್ಚಿ ಸುಮ್ಮನಾಗಿಸುವ ವಿಧಾನ ಇದೆ. ಅದೇ ಜಾಲಕ್ಕೆ ಒಂದೇ ಸಲ 25 ಗ್ರೇ ರೇಡಿಯೇಷನ್ ಕೊಡುವ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು, ಲೆಕ್ಕಕ್ಕೆ ಸಿಕ್ಕವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನರಿಗೆ ಮೂರು ವಾರದಲ್ಲಿ ನೋವು ಇಳಿಯಿತು. ನೋವಿನ ಡಾಕ್ಟರನ್ನು ಈ ವಾರವೇ ನೋಡಿ.

ಇನ್ನು ಕ್ಯಾಪ್ಸೂಲ್. ಅದು ಪ್ಯಾಂಕ್ರಿಯಾಸ್ ಮಾಡಬೇಕಾದ ಕಿಣ್ವ. ಊಟ ಆದಮೇಲೆ ನೀರಿನ ಜೊತೆ ನುಂಗುತ್ತಿದ್ದೀರಿ ಅಂತ ನನ್ನ ಅನುಮಾನ, ಹೆಚ್ಚಿನವರು ಹಾಗೇ ಮಾಡುತ್ತಾರೆ. ಆಗ ಊಟ ಮುಂದೆ ಹೋಗಿರುತ್ತದೆ, ಕಿಣ್ವ ಹಿಂದೆ ಉಳಿದಿರುತ್ತದೆ. ಮೊದಲ ತುತ್ತಿನ ಜೊತೆ ಶುರು ಮಾಡಿ. ಎರಡು ಮೂರು ಇದ್ದರೆ ಮಿಕ್ಕದ್ದನ್ನು ಊಟದ ಮಧ್ಯೆ ತಗೊಳ್ಳಿ. ಕಚ್ಚಬೇಡಿ, ಅಗಿಯಬೇಡಿ. ಹಾಲು ಕುಡಿದರೂ, ಕೊಬ್ಬಿರುವ ತಿಂಡಿ ತಿಂದರೂ ಬೇಕು, ಬರೀ ನೀರಿಗೆ ಬೇಡ. ಮಲ ಎಣ್ಣೆ ಎಣ್ಣೆಯಾಗಿ ತೇಲುವುದು ನಿಲ್ಲದಿದ್ದರೆ ಡೋಸ್ ಸಾಲದು ಅಂತ ಅರ್ಥ. ಹೆಚ್ಚಿಸಲು ನಿಮ್ಮ ಡಾಕ್ಟರಿಗೆ ಹೇಳಿ, ಮತ್ತೆ ನನಗೂ ಒಂದು ಸಾಲು ಬರೆಯಿರಿ.